ಕೆನ್ನೆ ತುಂಬಿಸಿಕೊಂಡ ಟೈಲರಮ್ಮ

ಕೆನ್ನೆ, ತುಟಿ ತುಂಬಿಕೊಂಡಂತೆ ಕಾಣಿಸುವ ಫಿಲ್ಲರ್ ಇಂಜೆಕ್ಷನ್ ಬೇಕೆಂದು ನಮ್ಮ ಕ್ಲಿನಿಕ್ಕಿಗೆ ಬರುವವರು ಕೇಳುವುದು ಮೂರೇ ಮೂರು ಪ್ರಶ್ನೆ. ನೋಯುತ್ತಾ? ಎಷ್ಟು ದಿನ ಇರುತ್ತೆ? ಯಾರಿಗಾದರೂ ಗೊತ್ತಾಗುತ್ತಾ? ರಿಸೆಪ್ಷನ್ ಮೇಜಿನಲ್ಲಿ ಕೂತು ಹನ್ನೊಂದು ವರ್ಷದಿಂದ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಮರಗಟ್ಟಿಸುವ ಕ್ರೀಮು ಹಚ್ಚುತ್ತೇವೆ, ಅಷ್ಟಾಗಿ ನೋಯುವುದಿಲ್ಲ. ವರ್ಷ, ಒಂದೂವರೆ ವರ್ಷ ಇರುತ್ತದೆ, ಕೆಲವರಿಗೆ ಇನ್ನೂ ಬೇಗ ಕರಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ ಮೇಡಂ, ಒಳ್ಳೆ ನಿದ್ದೆ ಆಗಿದೆ ಅಂದುಕೊಳ್ಳುತ್ತಾರೆ. ಈ ಕೊನೆಯದನ್ನು ಕೇಳಿದ್ದೇ ತಡ, ಎಲ್ಲರೂ ಫಾರಂಗೆ ಸಹಿ ಹಾಕುತ್ತಾರೆ. ಅಲ್ಲ ಸ್ವಾಮಿ, ಯಾರಿಗೂ ಗೊತ್ತಾಗಬಾರದು ಅಂದರೆ ಚುಚ್ಚಿಸಿಕೊಳ್ಳುವುದಾದರೂ ಯಾಕೆ? ಹಾಗಂತ ಕೇಳುವುದು ನನ್ನ ಕೆಲಸವಲ್ಲ.

ನಮ್ಮ ಡಾಕ್ಟರಮ್ಮನದೊಂದು ಕಟ್ಟುನಿಟ್ಟು: ಬರುವವರು ತಮ್ಮದೇ ಹಳೆಯ ಫೋಟೋ ತರಬೇಕು. ಇಲ್ಲದಿದ್ದರೆ ಸಿನಿಮಾ ನಟಿಯ ಚಿತ್ರ ಹಿಡಿದುಕೊಂಡು ಬಂದು, ಇದೇ ತುಟಿ ಕೊಡಿ ಎಂದು ಪ್ರಾಣ ತಿನ್ನುತ್ತಾರೆ. ಹತ್ತು ವರ್ಷದ ಹಿಂದಿನದಾದರೆ ಸಾಕು. ಅವತ್ತು ಬಂದ ಟೈಲರಮ್ಮ ತಂದದ್ದು ನಲವತ್ತು ವರ್ಷದ ಹಿಂದಿನದು, ಕಪ್ಪು ಬಿಳುಪು. ವಯಸ್ಸು ಅರವತ್ತೇಳು. ಅಂಗಡಿಯಿಂದ ನೇರ ಬಂದಿದ್ದರು, ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

ನಾನು ಎಂದಿನಂತೆ ಬಾಯಿಪಾಠ ಒಪ್ಪಿಸಿದೆ. "ಹೆದರಬೇಡಿ ಅಮ್ಮ, ಯಾರಿಗೂ ಗೊತ್ತಾಗಲ್ಲ."

ಅವರ ಮುಖ ಸಪ್ಪಗಾಯಿತು. "ಗೊತ್ತಾಗಲ್ವಾ? ಹಾಗಾದ್ರೆ ನಂಗೆ ಬೇಡ ಬಿಡು ತಾಯಿ."

ಇದೊಳ್ಳೆ ಫಜೀತಿ! "ಯಾರಿಗೆ ಗೊತ್ತಾಗ್ಬೇಕಿತ್ತು?" ಎಂದೆ.

"ನಮ್ಮ ಯಜಮಾನ್ರಿಗೆ. ಎರಡು ವರ್ಷದಿಂದ ಮರೆವು. ನನ್ನ ಕೈಯಿಂದಾನೇ ತುತ್ತು ತಿಂತಾರೆ, ಆಮೇಲೆ 'ಅಜ್ಜೀ, ನನ್ನ ಹೆಂಡ್ತಿ ಎಲ್ಲಿ?' ಅಂತ ನನ್ನೇ ಕೇಳ್ತಾರೆ. ಈ ಫೋಟೋ ಅವರ ದಿಂಬಿನ ಕೆಳಗಿತ್ತು. ಇವಳು ಗೊತ್ತು, ನಾನು ಗೊತ್ತಿಲ್ಲ. ಒಂದೇ ಒಂದು ಸಲ ನನ್ನ ಗುರುತು ಹಿಡಿದ್ರೆ ಸಾಕು."

ಅವರನ್ನು ಒಳಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ನಲವತ್ತು ವರ್ಷಾನ ಸಿರಿಂಜಲ್ಲಿ ತರೋಕಾಗಲ್ಲ ಅಮ್ಮ. ಕೆನ್ನೆ ಸ್ವಲ್ಪ ತುಂಬುತ್ತೆ ಅಷ್ಟೆ. ಅವರ ಮರೆವಿಗೆ ಇದು ಔಷಧಿ ಅಲ್ಲ."

"ನೀವು ಕೆನ್ನೆ ತುಂಬಿಸಿ. ಕೂದಲಿಗೆ ಬಣ್ಣ ನಾನೇ ಹಚ್ಕೋತೀನಿ."

ಡಾಕ್ಟರಮ್ಮ ಬಿಳಿ ಪೆನ್ಸಿಲಿನಿಂದ ಎರಡೂ ಕೆನ್ನೆಯ ಮೇಲೆ ಗುರುತು ಹಾಕಿದರು. ಟೈಲರಮ್ಮ ಕನ್ನಡಿ ನೋಡಿ, "ಎಡಗಡೆದು ಕಾಲಿಂಚು ಕೆಳಗಿದೆ" ಎಂದರು. ಇಪ್ಪತ್ತು ವರ್ಷದ ಅನುಭವವಿರುವ ಡಾಕ್ಟರಮ್ಮ ಅಳಿಸಿ ಮತ್ತೆ ಬರೆದರು.

ಎರಡು ವಾರ ಬಿಟ್ಟು ತೋರಿಸಿಕೊಳ್ಳಲು ಬಂದಾಗ ಬಾವು ಇಳಿದಿತ್ತು. ಕೂದಲು ಕಪ್ಪಗೆ ಮಿರಿಮಿರಿ. ಫೋಟೋದಲ್ಲಿದ್ದ ಹಾಗೆಯೇ ಬೈತಲೆ. ನಲವತ್ತು ವರ್ಷವೇನೂ ಹೋಗಿರಲಿಲ್ಲ, ಆದರೂ ಫೋಟೋದವಳ ಅಕ್ಕ ಎನ್ನಬಹುದಿತ್ತು.

"ಗುರುತು ಹಿಡಿದ್ರಾ?"

"ಹಿಡಿದ್ರು. ಬಾಗಿಲಲ್ಲೇ ಹೆಸರು ಹಿಡಿದು ಕೂಗಿದ್ರು."

ನಾನು ಮೈಮರೆತು ಚಪ್ಪಾಳೆ ತಟ್ಟಿಬಿಟ್ಟೆ. ಯಾರಿಗೂ ಗೊತ್ತಾಗಬಾರದೆಂದು ಮೂಲೆಯಲ್ಲಿ ಕೂತಿದ್ದ ಇಬ್ಬರು ಗಾಬರಿಯಾಗಿ ಪತ್ರಿಕೆಯೊಳಗೆ ಮುಖ ಹುದುಗಿಸಿದರು. ಟೈಲರಮ್ಮ ಮಾತ್ರ ನಗಲಿಲ್ಲ.

"ಮತ್ತೇನಮ್ಮ? ನೀವು ಬಯಸಿದ್ದು ಅದೇ ತಾನೇ?"

"ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ನಾನು ತುತ್ತು ಕೊಟ್ರೆ ಬಾಯೇ ತೆಗೆಯಲ್ಲ. 'ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ನೀನು ಬಿಟ್ಟುಹೋದಾಗ ನನ್ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದು ಆ ಅಜ್ಜಿ. ಅವಳನ್ನ ಯಾಕೆ ಓಡಿಸ್ದೆ? ಕರ್ಕೊಂಡು ಬಾ' ಅಂತ ಒಂದೇ ಹಟ."

ಅವರು ಮೇಜಿನ ಮೇಲೆ ಬಗ್ಗಿ, ಆ ಇಬ್ಬರಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ಇದನ್ನ ಬಿಚ್ಚೋಕಾಗುತ್ತಾ ತಾಯಿ?"

"ಕರಗಿಸೋ ಇಂಜೆಕ್ಷನ್ ಇದೆ ಅಮ್ಮ. ಆದ್ರೆ..."

"ಇವತ್ತೇ ಮಾಡೋಕೆ ಹೇಳು. ಕೂದಲು ಕಾಣದ ಹಾಗೆ ಸೆರಗು ಹೊದ್ಕೋತೀನಿ. ಅವರ ಊಟದ ಹೊತ್ತಾಯ್ತು."