ಹಿತ್ತಲಿಗೆ ಹಾಕಿದ ಕುರ್ಚಿ

ಬಿಸಿಲು ಮತ್ತೆ ಜರುಗಿತು, ಈಗ ಬೆತ್ತದ ಕುರ್ಚಿಯಲ್ಲಿ ಅರ್ಧ ಜಾಗ ಅದೇ ಹಿಡಿದುಕೊಂಡು ಕೂತಿದೆ, ಕುರ್ಚಿಯನ್ನು ಇನ್ನೊಂದು ಮೊಳ ಗೋಡೆಯ ಕಡೆಗೆ ಎಳೆಯಬೇಕು, ಎಳೆದರೆ ಅಡುಗೆಮನೆಯ ಬಾಗಿಲಿನಿಂದ ಅದರ ಬೆನ್ನು ಮಾತ್ರ ಕಾಣುತ್ತದೆ, ಬೆನ್ನು ತೋರಿಸುವ ಕುರ್ಚಿಯ ಹತ್ತಿರ ಯಾರೂ ಬರುವುದಿಲ್ಲ, ಇದು ನನಗೆ ಗೊತ್ತಿಲ್ಲವೇ, ಜೀವಮಾನವೆಲ್ಲ ಕುರ್ಚಿ ಮಾರಿದವನು ನಾನು, ಅಂಗಡಿಯ ಬಾಗಿಲಿಗೆ ಮುಖ ಮಾಡಿ ಇಡು, ದಿಂಬನ್ನು ಸ್ವಲ್ಪ ಸೊಟ್ಟಗೆ ಬಿಡು, ಯಾರೋ ಈಗತಾನೇ ಎದ್ದು ಹೋದ ಹಾಗೆ, ಆಗ ಒಳಗೆ ಬಂದವರ ಮಂಡಿ ಅವರಿಗೇ ತಿಳಿಯದ ಹಾಗೆ ಸಡಿಲವಾಗುತ್ತದೆ, ಕೂತು ನೋಡಿ ಸಾರ್, ಮಿಕ್ಕಿದ್ದು ಆಮೇಲೆ, ಮೊದಲು ಕೂತ್ಕೊಳಿ — ನಮ್ಮ ಸಾಹುಕಾರರು ಬಂದವರಿಗೆಲ್ಲ ಹೇಳುತ್ತಿದ್ದರು, ಇವನ ಕೈಗೆ ಬಿಟ್ರೆ ಓಡೋ ಕುದುರೇನೂ ಕೂರಿಸ್ತಾನೆ. ಕುದುರೆಯನ್ನು ಕೂರಿಸಿಯೇನು. ಕಟ್ಟಿಕೊಂಡವಳನ್ನು? ದಿಂಬು ಸೊಟ್ಟಗಿದೆ, ಇನ್ನೂ ಸ್ವಲ್ಪ ಸೊಟ್ಟ ಮಾಡಲೇ, ಬೇಡ, ಬೇಕೆಂದೇ ಮಾಡಿದ್ದು ಎಂದು ಗೊತ್ತಾಗುತ್ತದೆ, ಅವಳಿಗಂತೂ ಗೊತ್ತಾಗಿಯೇ ಆಗುತ್ತದೆ. ಒಳಗೆ ಪಾತ್ರೆ ತೊಳೆಯುವ ಸದ್ದು, ನಲ್ಲಿ ನಿಂತಿತು, ಮತ್ತೆ ಬಂತು, ಬಾಗಿಲು ಹಾರುಹೊಡೆದಿದೆ, ಅವಳ ಬೆನ್ನು, ಜಡೆಯ ತುದಿ, ಒಂದು ಸಲ, ಒಂದೇ ಒಂದು ಸಲ ತಿರುಗಿ ನೋಡಬಾರದೇ, ನೆಲಕ್ಕೆ ಹೊಸ ಚಾಪೆ ಹಾಸಿದ್ದೇನೆ, ಮುರಿದ ಬಕೆಟ್ಟು, ಹಳೆಯ ಹಂಚು, ತುಕ್ಕು ಹಿಡಿದ ಸೈಕಲ್ಲು ಎಲ್ಲ ಹೊರಗೆ ಸಾಗಿಸಿ ಸಿಮೆಂಟಿನ ನೆಲ ಉಜ್ಜಿ ಉಜ್ಜಿ ನನ್ನ ಸೊಂಟ ಹಿಡಿದುಕೊಂಡಿದೆ, ತಿರುಗಿ ನೋಡಿದರೆ ಅವಳ ಗಂಟೇನು ಹೋಗುತ್ತದೆ.

ಊರಿಗೆಲ್ಲ ಅವಳು ಮೀಟರಮ್ಮ. ಮನೆ ಮನೆಗೆ ಹೋಗಿ ಕರೆಂಟಿನ ಮೀಟರು ಓದುವ ಕೆಲಸ, ಯಾವ ಓಣಿಯ ಕೊನೆಗೆ ಯಾವ ಗೇಟು ಕಿರ್ರೆನ್ನುತ್ತದೆ ಎಂಬುದೂ ಬಾಯಿಪಾಠ, ಕಚ್ಚಲು ಬಂದ ನಾಯಿಗಳಿಗೆಲ್ಲ ತನ್ನ ಮೇಲಧಿಕಾರಿಗಳ ಹೆಸರಿಟ್ಟು ಬೈಯುತ್ತಿದ್ದಳು, ಸಂಜೆ ಬಂದು ಬೆವರು ಒರೆಸಿಕೊಂಡು ಮತ್ತೆ ತರಕಾರಿಗೆಂದು ಹೊರಟುಬಿಡುತ್ತಿದ್ದಳು, ಕೂರೇ ಒಂದು ಗಳಿಗೆ, ಎಂದರೆ, ಕೂರಿಸೋದು ನಿಮ್ಮ ಕೆಲಸ ರೀ, ನಡೆಯೋದು ನಂದು, ಒಳ್ಳೇ ಜೋಡಿ ಹಾಕಿದ್ದಾರೆ ನಮ್ಮಪ್ಪ. ಅವಳ ಚಪ್ಪಲಿ ಬೇಗ ಸವೆಯುತ್ತಿತ್ತು, ನನ್ನದು ಸವೆಯುತ್ತಲೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ, ನಾಲ್ಕು ರಸ್ತೆ ಕೂಡುವ ಕಡೆ, ನಡುರಸ್ತೆಯಲ್ಲಿ ನಿಂತುಬಿಟ್ಟಳು, ಏನೂ ಆಗಲಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ, ಏನೂ ಆಗ್ಲಿಲ್ವಲ್ಲ, ದೇವರು ದೊಡ್ಡವನು, ಬಸ್ಸು ನಿಂತಿತು, ಅವಳ ಮೈಗೆ ಒಂದು ಗೀರೂ ಬೀಳಲಿಲ್ಲ, ಡ್ರೈವರು ಕತ್ತು ಹೊರಗೆ ಹಾಕಿ ಬೈದ, ಯಾರೋ ಇಬ್ಬರು ಮೂಟೆ ಎತ್ತುವ ಹಾಗೆ ರಟ್ಟೆ ಹಿಡಿದು ಅವಳನ್ನು ಪಕ್ಕಕ್ಕೆ ತಂದರು, ಅಷ್ಟೇ. ನನ್ನೊಬ್ಬನಿಗೆ ಹೇಳಿದಳು, ಕಾಲು ನಂದಲ್ಲ ಅನ್ನಿಸ್ತು ರೀ, ಮೇಲೆ ನೋಡಿದೆ, ಆಕಾಶ ಇದ್ದಕ್ಕಿದ್ದ ಹಾಗೆ ತುಂಬಾ ದೊಡ್ಡದಾಗ್ಬಿಡ್ತು. ನಾನು ನಕ್ಕೆ, ಆಕಾಶ ಯಾವತ್ತು ಚಿಕ್ಕದಿತ್ತೇ ಎಂದೆ, ಅವಳು ನಗಲಿಲ್ಲ. ಆಮೇಲೆ ದೊಡ್ಡ ರಸ್ತೆ ಬಿಟ್ಟಳು, ರಜೆ ಹಾಕಿದಳು, ತರಕಾರಿ ಅಂಗಡಿ ಬಿಟ್ಟಳು, ಗೇಟು ಬಿಟ್ಟಳು, ಬಟ್ಟೆ ಒಗೆದು ಹಿಂಡಿ ಹೊಸ್ತಿಲ ಒಳಗೇ ನಿಂತು ನನ್ನ ಕೈಗೆ ಕೊಡುತ್ತಾಳೆ, ಒಣಗಿಸುವವನು ನಾನು, ಬೇಲಿಯಾಚೆ ಪಕ್ಕದ ಮನೆಯಾಕೆ, ಪಾಪ ಎಷ್ಟು ಒಳ್ಳೆ ಗಂಡ ನೋಡಿ, ಎಂದು ನಮಗೆ ಕೇಳಿಸುವ ಹಾಗೆಯೇ ಹೇಳುತ್ತಾಳೆ — ಮೊನ್ನೆಯಿಂದ ನಡುಮನೆಯ ಕಿಟಕಿಗೂ ಪರದೆ ಎಳೆದಿದ್ದಾಳೆ. ಅದೇ ನನ್ನನ್ನು ಕೊರೆಯುತ್ತಿರುವುದು. ರಸ್ತೆ ಹೋಯಿತು, ಗೇಟು ಹೋಯಿತು, ಕಿಟಕಿ ಹೋಯಿತು, ನಾಳೆ ನಡುಮನೆ ಹೋದರೆ, ನಾಡಿದ್ದು ಅಡುಗೆಮನೆ ಹೋದರೆ, ಕೊನೆಗೆ ಒಂದು ಮಂಚ ಉಳಿಯುತ್ತದೆ, ಮಂಚದ ಅಂಚಿನಲ್ಲಿ ನಾನು.

ಹೂಕುಂಡ ಇಲ್ಲಿ ಬೇಡ, ದಾರಿಗೆ ಅಡ್ಡ. ಅಲ್ಲಿಯೂ ಬೇಡ. ಮಲ್ಲಿಗೆಯನ್ನು ಬಾಗಿಲ ಹತ್ತಿರ ಇಟ್ಟರೆ ವಾಸನೆ ಒಳಗೆ ಹೋಗುತ್ತದೆ, ವಾಸನೆಯನ್ನು ಹಿಡಿದುಕೊಂಡು ಒಂದು ಹೆಜ್ಜೆ — ಏನು ಹುಚ್ಚು, ಇರುವೆಯೇ ಅವಳು. ಡಾಕ್ಟರಮ್ಮ ಮನೆಗೇ ಬಂದು ನೋಡಿದರು, ಎಳೀಬೇಡಿ, ತಳ್ಳಬೇಡಿ, ಮಾತ್ರೆ ತಪ್ಪಿಸಬೇಡಿ, ಬಾಗಿಲು ತೆರೆದಿಡಿ, ಹೊರಗಿರೋದು ಒಂಚೂರು ಒಳಗಿನ ಥರ ಕಾಣ್ಲಿ, ಎಂದು ಹೋದರು, ನಾನು ಆ ಕೊನೆಯ ಮಾತನ್ನು ಹಿಡಿದುಕೊಂಡು ಹಗಲೆಲ್ಲ ಇಲ್ಲಿಯೇ ಇದ್ದೇನೆ, ಚಾಪೆ, ಕುರ್ಚಿ, ಮೊಣಕಾಲೆತ್ತರದ ಮೇಜು, ಗೋಡೆಗೆ ದೀಪದ ಸರ, ದೀಪದ ಸರ ಮದುವೆಮನೆಯ ಹಾಗಿತ್ತು, ತೆಗೆದೆ, ಗಾಳಿಗೆ ಕಿಣಿಕಿಣಿ ಅನ್ನುವ ಗಂಟೆ ಕಟ್ಟಿದೆ, ಒಳಗಿನಿಂದ ಅವಳು, ಹಸು ಯಾವಾಗ ತಂದ್ರಿ, ಎಂದಳು, ಅದನ್ನೂ ತೆಗೆದೆ, ಆದರೆ ತಮಾಷೆ ಮಾಡಿದಳಲ್ಲ ಎಂದು ಆ ದಿನವಿಡೀ ಹಿಗ್ಗಿಕೊಂಡಿದ್ದೆ. ಹಿಂದಿನ ಗೋಡೆಯಿಂದ ಕಾಂಪೌಂಡಿನ ಕಂಬಕ್ಕೆ ಹಸಿರು ನೆರಳುಬಟ್ಟೆ ಎಳೆದು ಕಟ್ಟಿದ್ದೇನೆ, ಬಿಸಿಲಿಗಲ್ಲ, ಯಾರಿಗೂ ಹೇಳಿಲ್ಲ, ಆಕಾಶಕ್ಕೆ. ಆಕಾಶ ದೊಡ್ಡದಾದರೆ ಅದನ್ನು ಚಿಕ್ಕದು ಮಾಡೋಣ, ಒಂದು ಚಾಪೆಯಗಲಕ್ಕೆ ತರೋಣ. ಬೆಳಿಗ್ಗೆ ಮಗಳಿಗೆ ಫೋನು ಮಾಡಿ, ದಿಂಬಿಗೆ ಹಳದಿ ಚೆಂದವೋ ನೀಲಿ ಚೆಂದವೋ ಎಂದು ಕೇಳಿದೆ, ಅವಳು ತುಂಬು ಬಸುರಿ, ಏದುಸಿರು ಬಿಡುತ್ತಲೇ, ಅಪ್ಪ, ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನೀನು ಹಿತ್ತಲನ್ನೇ ಮದ್ದು ಮಾಡೋಕೆ ಹೊರಟಿದೀಯ, ದಿಂಬಿನ ಬಣ್ಣ ನಂಗೆ ಬೇಡ, ಹೆರಿಗೆ ಹೊತ್ತಿಗೆ ಅಮ್ಮ ನನ್ನ ಹತ್ರ ಇರ್ತಾಳಾ ಇಲ್ವಾ, ಅದೊಂದು ಹೇಳು. ಇರ್ತಾಳೆ ಕಣಮ್ಮ, ಎಂದೆ, ಬಾಯಿಗೆ ಬಂದದ್ದು, ಅಂಗಡಿಯ ಬಾಯಿ, ಈ ಕುರ್ಚಿ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಸಾರ್. ಫೋನು ಇಟ್ಟು ತಿರುಗಿದರೆ ಅವಳಮ್ಮ ಅಡುಗೆಮನೆಯಲ್ಲಿ ನಿಂತಿದ್ದಳು, ಕೇಳಿಸಿಕೊಂಡಳೇ, ಅಕ್ಕಿ ಆರಿಸುತ್ತಿದ್ದಳು, ಕಲ್ಲೇ ಇಲ್ಲದ ಅಕ್ಕಿ.

ನಿನ್ನೆ ಕರೆದೆನಲ್ಲ, ಬಾ, ಕಾಫಿ ಇಲ್ಲೇ ಕುಡಿಯೋಣ. ಅವಳು ಲೋಟವನ್ನು ಹೊಸ್ತಿಲ ಆಚೆಯಿಂದ ಕೊಟ್ಟಳು, ತಾನು ಒಳಗೆ ಮಣೆ ಹಾಕಿಕೊಂಡು ಕೂತಳು, ನಾನು ಹೊರಗೆ, ನಡುವೆ ಒಂದು ಗೇಣು ಹೊಸ್ತಿಲ ಮರ, ಜೈಲಿಗೆ ಭೇಟಿಗೆ ಬಂದವರ ಹಾಗೆ, ಒಳಗಿದ್ದವರು ಯಾರು ಬಂದವರು ಯಾರು ತಿಳಿಯದ ಹಾಗೆ ಕುಡಿದೆವು. ಬರ್ಬೇಕು ಅಂತ ನಂಗೂ ಅನ್ನಿಸುತ್ತೆ ರೀ, ಎಂದಳು. ಹಾಗಾದ್ರೆ ಬಾ, ಎಂದೆ. ಅಷ್ಟು ಸುಲಭವಾ? ಒಂದು ಹೆಜ್ಜೆ ಕಣೇ! ನಿಮಗೆ ಒಂದು ಹೆಜ್ಜೆ, ಎಂದು ತನ್ನ ಲೋಟ ತೆಗೆದುಕೊಂಡು ಎದ್ದಳು, ನನ್ನ ಲೋಟದಲ್ಲಿ ಇನ್ನೂ ಕಾಫಿಯಿತ್ತು. ಸಿಟ್ಟು ಬಂತು, ಈಗಲೂ ಬರುತ್ತಿದೆ, ಯಾರ ಮೇಲೆ, ಈ ಕುರ್ಚಿಯನ್ನು ಎತ್ತಿ ಕಾಂಪೌಂಡಿನಾಚೆ ಎಸೆಯಬೇಕು ಅನ್ನಿಸುತ್ತಿದೆ, ಎಸೆಯುವುದಿಲ್ಲ, ಇನ್ನೊಂದು ಮೊಳ ಎಳೆಯುತ್ತೇನೆ, ಹಿಂದಕ್ಕೆ ತಳ್ಳುತ್ತೇನೆ, ಇದನ್ನು ಬಿಟ್ಟು ನನಗೇನು ಬರುತ್ತದೆ.

ಗಾಳಿ ಎದ್ದಿತು, ಎಲ್ಲಿಂದ, ಇಷ್ಟು ಹೊತ್ತು ಒಂದೆಲೆಯೂ ಅಲ್ಲಾಡಿರಲಿಲ್ಲ, ನೆರಳುಬಟ್ಟೆ ಹೊಟ್ಟೆ ಉಬ್ಬಿಸಿಕೊಂಡಿತು, ಕಂಬದ ಕಡೆಯ ಗಂಟು ಬಿಚ್ಚಿತು, ಒಂದು ಮೂಲೆ ಪಟಪಟನೆ ಹೊಡೆದುಕೊಳ್ಳುತ್ತಿದೆ, ಮೇಲೆ ಬೆಳ್ಳಗೆ ಬಟಾಬಯಲು, ಅಯ್ಯೋ ಈಗಲೇ ಅವಳು ತಿರುಗಿ ನೋಡಿದರೆ, ಇಷ್ಟು ದೊಡ್ಡ ಆಕಾಶ, ಏಣಿ ಎಲ್ಲಿ, ಏಣಿ ಪಕ್ಕದ ಮನೆಗೆ ಕೊಟ್ಟೆ, ಮೇಜು ತಗ್ಗು, ಕುರ್ಚಿ, ಬೆತ್ತದ ಕುರ್ಚಿಯ ಮೇಲೆ ನಿಲ್ಲಬೇಡಿ ಸಾರ್ ಎಂದು ಎಷ್ಟು ಜನಕ್ಕೆ ಹೇಳಿಲ್ಲ, ದಿಂಬು ಎಸೆದು ಕುರ್ಚಿಯನ್ನು ಕಂಬದ ಬುಡಕ್ಕೆ ಎಳೆದು ಹತ್ತಿದೆ, ಕಂಬ ಸಿಕ್ಕಿತು, ಬಟ್ಟೆಯ ಮೂಲೆ ಸಿಗಲಿಲ್ಲ, ಸಿಕ್ಕಿತು, ಹಗ್ಗ ಹಲ್ಲಿನಲ್ಲಿ, ಇನ್ನೊಂದಿಷ್ಟು ಎಳೆದರೆ — ಕುರ್ಚಿ ನರಳಿತು, ಹಿಂದಿನ ಕಾಲು ಚಾಪೆಯ ಮೇಲೆ ಜಾರಿತು, ಕಂಬ ತಬ್ಬಿಕೊಂಡೆ, ಒಂದು ಕಾಲು ಗಾಳಿಯಲ್ಲಿ, ರೀ, ಎಂದಿತು ಒಂದು ದನಿ, ಇಳೀರಿ, ಅಯ್ಯೋ ಬೀಳ್ತೀರಿ, ಏನೋ ಪಾತ್ರೆ ಬಿದ್ದು ಉರುಳಿತು, ಕುರ್ಚಿ ನಿಂತಿತು. ಅದು ಹೇಗೆ ನಿಂತಿತು. ಗೋಡೆಗೆ ತಾಗಿರಬೇಕು. ಕೆಳಗೆ ನೋಡಿದೆ, ಬೈತಲೆ ಕಂಡಿತು, ಕುರ್ಚಿಯ ಎರಡೂ ತೋಳುಗಳ ಮೇಲೆ ಎರಡು ಕೈ, ಮಣಿಕಟ್ಟಿನವರೆಗೂ ಸೋಪಿನ ನೊರೆ.

ಉಸಿರು ಬಿಡಬೇಡ. ಏನೂ ಹೇಳಬೇಡ. ಬಂದೆಯಲ್ಲೇ ಎಂದರೆ ಮುಗಿಯಿತು, ಹೊಸ್ತಿಲು ದಾಟಿದ್ದು ಅವಳಿಗೆ ಗೊತ್ತಾಗುತ್ತದೆ, ಗೊತ್ತಾದರೆ ಕಾಲು ಮತ್ತೆ ಅವಳದಲ್ಲ ಅನ್ನಿಸುತ್ತದೆ. ಹಲ್ಲಿನಲ್ಲಿದ್ದ ಹಗ್ಗ ತೆಗೆದು ಕಂಬಕ್ಕೆ ಗಂಟು ಹಾಕಿದೆ. ಕಟ್ಟಿದ್ದಾಯ್ತಾ? ಇನ್ನೂ ಇಲ್ಲ, ಎಂದೆ, ಕಟ್ಟಿ ಆಗಿತ್ತು, ಹಾಕಿದ ಗಂಟನ್ನು ಬಿಚ್ಚಿದೆ, ಮತ್ತೆ ಹಾಕುತ್ತಿದ್ದೇನೆ. ಬುದ್ಧಿ ಇದೆಯಾ ನಿಮಗೆ, ಈ ವಯಸ್ಸಲ್ಲಿ, ಬೆತ್ತದ ಕುರ್ಚಿ ಮೇಲೆ, ಮಾರೋವಾಗ ಊರಿಗೆಲ್ಲ ಬುದ್ಧಿ ಹೇಳ್ತಿದ್ರಲ್ಲ. ಹೂಂ ಕಣೇ. ಅವಳ ಜೋರು ಉಸಿರು ಕುರ್ಚಿಯ ಮೂಲಕ ನನ್ನ ಅಂಗಾಲಿಗೆ ಬರುತ್ತಿದೆ. ತಲೆಯೆತ್ತಿದಳು. ಬೇಡ, ಮೇಲೆ ನೋಡಬೇಡ. ನೋಡಿದಳು, ಕಣ್ಣು ಕಿರಿದು ಮಾಡಿ, ನನ್ನನ್ನು ದಾಟಿ, ಬಟ್ಟೆಯನ್ನು ದಾಟಿ, ಬಹಳ ಹೊತ್ತು, ಆಮೇಲೆ, ಈ ಹಸಿರು ಚೆನ್ನಾಗಿಲ್ಲ ರೀ, ಆಸ್ಪತ್ರೆ ಪರದೆ ಥರ ಇದೆ. ಬೇರೆ ತರೋಣ, ಎಂದೆ. ಇಳೀರಿ ಇನ್ನು. ಇನ್ನೊಂದೇ ಗಂಟು, ಬಿಡಬೇಡ, ಹಿಡ್ಕೋ. ಹಿಡ್ಕೊಂಡೇ ಇದೀನಿ. ಗೊತ್ತಾಗಿದೆಯೇ ಅವಳಿಗೆ, ಗೊತ್ತಾಗಿಯೂ ನಿಂತಿದ್ದಾಳೆಯೇ, ಕೇಳಲಾರೆ, ಕೆಳಗಿಳಿಯಲಾರೆ, ಗಂಟು ಬಿಚ್ಚುತ್ತೇನೆ, ಹಾಕುತ್ತೇನೆ, ಮಗಳೇ, ಸ್ವಲ್ಪ ತಾಳು, ಗಾಳಿ ಬೀಸುತ್ತಿದೆ, ಆ ಎರಡು ಕೈಗಳ ಮೇಲೆ ನೊರೆ ಒಡೆಯುತ್ತಿದೆ, ಒಂದೊಂದೇ ಗುಳ್ಳೆ, ನೊರೆಯ ಕೆಳಗೆ ಬೆರಳುಗಳು, ಬಿಸಿಲಿಗೆ ಬಿದ್ದ ಬೆರಳುಗಳು, ಗೆಣ್ಣು ಬಿಳಿಚುವಷ್ಟು ಬಿಗಿಯಾಗಿ, ಬಿಟ್ಟಿಲ್ಲ, ನೊರೆ ಆರುತ್ತಿದೆ, ಬೆರಳು ಬಿಟ್ಟಿಲ್ಲ, ಬಿಟ್ಟಿಲ್ಲ