ಕಮಲಾಕ್ಷಿಯ ಹಬೆ

ನಾನು ಒಂದು ಇ-ಸಿಗರೇಟು. ಪೆನ್ನಿಗಿಂತ ಗಿಡ್ಡ, ಹೆಬ್ಬೆರಳಿಗಿಂತ ದಪ್ಪ, ಕಡುನೀಲಿ ಬಣ್ಣ. ಚೀನಾದ ಒಂದು ಕಾರ್ಖಾನೆಯಲ್ಲಿ ಯಾರೋ ನನಗೆ ಬ್ಯಾಟರಿ ಕೂರಿಸಿದರು, ಯಾರೋ ಸುರುಳಿ ತಂತಿಯೊಳಗೆ ಹತ್ತಿ ತುರುಕಿದರು, ಇನ್ಯಾರೋ ಬಟನ್ ಒತ್ತಿ ನೋಡಿ ಡಬ್ಬಿಗೆ ಹಾಕಿದರು. ಯಾರ ಮುಖವೂ ನೆನಪಿಲ್ಲ. ನನ್ನ ಕೆಲಸ ಸರಳ. ಹೊಟ್ಟೆಗೆ ಹಾಕಿದ ದ್ರವವನ್ನು ಹತ್ತಿ ಹೀರುತ್ತದೆ, ತಂತಿ ಕಾಯುತ್ತದೆ, ಆವಿ ಏಳುತ್ತದೆ. ಏನು ಹಾಕಿದಿರಿ ಎಂದು ಕೇಳುವ ಅಧಿಕಾರ ನನಗಿಲ್ಲ.

ಈ ದೇಶದಲ್ಲಿ ನನ್ನನ್ನು ಮಾರುವಂತಿಲ್ಲ. ಹಾಗಾಗಿ ನಾನು ಬಂದ ಪಾರ್ಸೆಲ್ಲಿನ ಮೇಲೆ ‘ಕೂದಲು ಕತ್ತರಿಸುವ ಯಂತ್ರ’ ಎಂದು ಬರೆದಿತ್ತು. ಫೋನಿನಲ್ಲಿ ಆರ್ಡರ್ ಮಾಡಿ ತರಿಸಿಕೊಂಡವನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತೇಜಸ್. ಅವನು ವಿಡಿಯೋ ನೋಡಿ ನನ್ನ ಆರೈಕೆ ಕಲಿತ. ಹೊಸ ಸುರುಳಿ ಹಾಕಿದ ಮೇಲೆ ಹತ್ತಿ ನೆನೆಯುವವರೆಗೆ ಕಾಯುತ್ತಿದ್ದ. ಬಾಯಿಯ ತೇವವನ್ನು ಬಟ್ಟೆಯಿಂದ ಒರೆಸುತ್ತಿದ್ದ. ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸುತ್ತಿದ್ದ. ಅವನ ಪುಸ್ತಕಗಳಿಗೆ ಆ ಯೋಗವಿರಲಿಲ್ಲ. ಹಾಸ್ಟೆಲಿನಲ್ಲಿ ವಾರ್ಡನ್ ರೂಮು ರೂಮು ಹುಡುಕಲು ಶುರುಮಾಡಿದಾಗ ಹೆದರಿ, ನನ್ನನ್ನೂ ಉಳಿದ ಪುದೀನ ವಾಸನೆಯ ಬಾಟಲಿಯನ್ನೂ ತನ್ನ ಸೋದರಮಾವ ಮಾನಪ್ಪನ ಕೈಗಿಟ್ಟ.

‘‘ಏನಲೇ ಇದು?’’ ಎಂದ ಮಾನಪ್ಪ.

‘‘ಬರೇ ಆವಿ ಮಾವಾ. ಹೊಗಿ ಅಲ್ಲ. ಎಣ್ಣಿ-ಗಿಣ್ಣಿ ಏನೂ ಹಾಕಬ್ಯಾಡ, ಈ ಬಾಟ್ಲಿದಷ್ಟ ಹಾಕು.’’

ಮಾನಪ್ಪ ಒಂದು ನಾಟಕ ಕಂಪನಿಯಲ್ಲಿ ಹಾಸ್ಯಗಾರ. ಆಗ ಕಂಪನಿಯ ಕ್ಯಾಂಪು ಗದಗಿನಲ್ಲಿತ್ತು. ತಗಡಿನ ಥೇಟರು, ದಿನಕ್ಕೆ ಎರಡು ಆಟ. ಅಲ್ಲೇ ನಾನು ಕಮಲಾಕ್ಷಿಯನ್ನು ನೋಡಿದ್ದು.

ಕಮಲಾಕ್ಷಿ ಆ ಕಂಪನಿಯ ಹಾಡುವ ನಟಿ. ಪರದೆ ಏಳುವ ಮೊದಲು ನಾಂದಿ ಪದ ಅವಳದೇ. ಎರಡನೇ ಅಂಕದ ಹಾಡಿನಲ್ಲಿ ಮೇಲಿನ ಷಡ್ಜ ಹಿಡಿದು ನಿಂತಳೆಂದರೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ತಿದಿ ಒತ್ತಿ ಒತ್ತಿ ದಣಿಯುತ್ತಿದ್ದರು, ಅವಳು ಬಿಡುತ್ತಿರಲಿಲ್ಲ. ಜನ ಶಿಳ್ಳೆ ಹೊಡೆಯುತ್ತಿದ್ದದ್ದು ಆ ಒಂದು ಸ್ವರಕ್ಕೆ. ಮೈ ದಪ್ಪವಾಗಿತ್ತು, ಮಂಡಿ ನೋಯುತ್ತಿತ್ತು, ನಾಯಕಿಯ ವಯಸ್ಸು ಎಂದೋ ದಾಟಿತ್ತು. ಮಾಲೀಕ ಚೆನ್ನವೀರಯ್ಯ ಮುಚ್ಚುಮರೆ ಇಲ್ಲದೆ ಹೇಳಿದ್ದ: ‘‘ಬ್ಯಾರೆ ಕಂಪನ್ಯಾಗ ಹಾಡೆಲ್ಲಾ ಪೆನ್‌ಡ್ರೈವ್‌ದಾಗ ಅದಾವ. ನಿನ್ನ ಉಸುರು ಐತಿ ಅಂತ ನೀ ಅದಿ ನೋಡವಾ.’’

ಹಾಡುವ ನಟರಿಗೆ ರಂಗಕ್ಕೆ ಹೋಗುವ ಮೊದಲು ಹಬೆ ತೆಗೆದುಕೊಳ್ಳುವ ರೂಢಿ. ಕುದಿಯುವ ನೀರಿನ ಗಡಿಗೆ, ಅದಕ್ಕೆ ಎರಡು ಹನಿ ನೀಲಗಿರಿ ಎಣ್ಣೆ, ತಲೆಯ ಮೇಲೆ ಕಂಬಳಿ. ಆದರೆ ಒಮ್ಮೆ ಒಲೆಯ ಕಿಡಿ ಹಾರಿ ಅರಮನೆ ಪರದೆಯ ಅಂಚು ಸುಟ್ಟಿತ್ತು. ಅಂದಿನಿಂದ ಥೇಟರಿನ ಹಿಂದೆ ಒಲೆ ಹಚ್ಚಬಾರದೆಂದು ಚೆನ್ನವೀರಯ್ಯನ ಕಟ್ಟಪ್ಪಣೆ. ಎರಡು ಆಟದ ನಡುವೆ ಮೈದಾನ ದಾಟಿ ಅಡಿಗೆಯವಳ ಗುಡಿಸಲಿಗೆ ಹೋಗಿ ನೀರು ಕಾಯಿಸಿಕೊಳ್ಳಲು ಕಮಲಾಕ್ಷಿಗೆ ಪುರುಸೊತ್ತಿರಲಿಲ್ಲ.

ಬಣ್ಣದ ಕೋಣೆಯಲ್ಲಿ ಮಾನಪ್ಪ ನನ್ನನ್ನು ಎಳೆಯುತ್ತಿದ್ದಾಗ ಅವಳು ಕೇಳಿದಳು: ‘‘ಇದೇನಲೇ ಮಾನ್ಯಾ, ಪೀಪಿ ಊದಾಕತ್ತಿ?’’

‘‘ಪೀಪಿ ಅಲ್ಲಬೇ ಯಕ್ಕಾ, ಹಬಿ. ನಿನ್ನ ಗಡಗಿ ಹಬಿ ಬಟನ್ ಒತ್ತಿದ್ರ ಬರ್ತೈತಿ.’’

‘‘ಒಲಿ ಬ್ಯಾಡಾ?’’

‘‘ಒಲಿ ಬ್ಯಾಡ, ನೀರ ಬ್ಯಾಡ, ಆ ಹೇನಿನ ಕಂಬಳಿನೂ ಬ್ಯಾಡ.’’

ಅವನು ಸುಳ್ಳು ಹೇಳಲಿಲ್ಲ, ಹಾಗೇ ನಂಬಿದ್ದ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ನಿಕೋಟಿನ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇಬ್ಬರಿಗೂ ಇಂಗ್ಲಿಷ್ ಬಾರದು. ಕಮಲಾಕ್ಷಿ ಒಂದು ಎಳೆತ ಎಳೆದು ಕೆಮ್ಮಿದಳು. ಇನ್ನೊಂದು ಎಳೆದಳು. ಪುದೀನ ತಂಪಾಗಿ ಇಳಿಯಿತು. ‘‘ಗಂಟಲಾ ತೆರೀತು ನೋಡೋ,’’ ಎಂದಳು. ಅಂದಿನಿಂದ ನಾನು ಅವಳ ಸೊಂಟದ ಚೀಲದಲ್ಲಿ ಇರತೊಡಗಿದೆ.

ಅವಳು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು. ಬಣ್ಣ ಒರೆಸುವ ಅರಳೆಯಿಂದ ದಿನವೂ ನನ್ನ ಬಾಯಿ ಒರೆಸುತ್ತಿದ್ದಳು. ಕಂಪನಿಯವರು ಬಣ್ಣದ ಪೆಟ್ಟಿಗೆಗೆ ಪೂಜೆ ಮಾಡುವಾಗ ಕನ್ನಡಿಯ ಪಕ್ಕ ನನ್ನನ್ನೂ ಇಟ್ಟು ವಿಭೂತಿ ಎಳೆದಳು. ಮೊದಲು ಆಟಕ್ಕೆ ಮುಂಚೆ ಮಾತ್ರ ಎಳೆಯುತ್ತಿದ್ದವಳು ಆಮೇಲೆ ಎದ್ದ ಕೂಡಲೇ, ಊಟದ ನಂತರ, ಯಾರಾದರೂ ಬೈದಾಗ ಎಳೆಯತೊಡಗಿದಳು. ನಾನು ಕಾಣದಿದ್ದರೆ ಎಲ್ಲರ ಮೇಲೆ ಹರಿಹಾಯುತ್ತಿದ್ದಳು. ಇದೊಂದು ಚಟ ಎಂದು ಅವಳಿಗೆ ಹೊಳೆಯಲೇ ಇಲ್ಲ. ಹಬೆಗೆ ಯಾರಾದರೂ ಚಟ ಎನ್ನುತ್ತಾರೆಯೇ?

ಬಾಟಲಿ ಮುಗಿಯಿತು. ಮಾನಪ್ಪ ಅಳಿಯನಿಗೆ ಹೇಳಿ ಫೋನಿನಲ್ಲಿ ಆರ್ಡರ್ ಮಾಡಿಸಿದ. ಪಾರ್ಸೆಲ್ ಬಂತು. ಒಳಗೆ ಎರಡು ಸಾಬೂನು. ಮತ್ತೆ ಹುಡುಕಿದರೆ ಮಾರುವವನ ಪುಟವೇ ಮಾಯ, ನಂಬರೂ ಬಂದ್.

‘‘ಕಟಿಂಗ್ ಮಷಿನ್ ಅಂತ ಬರದು ಇದನ್ನ ಕಳಸ್ತಾರ, ಇದನ್ನ ಕೇಳಿದ್ರ ಸಾಬಾಣ ಕಳಸ್ತಾರ,’’ ಎಂದ ಮಾನಪ್ಪ. ‘‘ಯಾರ ಮುಂದ ಹೇಳೂದು? ಪೊಲೀಸರ ಮುಂದ ಹೇಳಿದ್ರ ಮೊದಲ ನನ್ನ ಒಳಗ ಹಾಕ್ತಾರ.’’

ಕಮಲಾಕ್ಷಿಗೆ ತಮಾಷೆ ಬೇಕಿರಲಿಲ್ಲ. ಮೂಗು ಸೋರುತ್ತಿತ್ತು, ತಲೆ ಸಿಡಿಯುತ್ತಿತ್ತು, ಆಟಕ್ಕೆ ಹೊತ್ತಾಗಿತ್ತು. ‘‘ಗಡಗಿಗೆ ಏನ ಹಾಕ್ತಿದ್ವಿ? ನೀಲಗಿರಿ ಎಣ್ಣಿ. ಇದಕ್ಕೂ ಅದನ್ನ ಹಾಕು.’’

‘‘ಎಣ್ಣಿ ಹಾಕಬ್ಯಾಡ ಅಂದಿದ್ದ ಬೇ ಅಳಿಯಾ.’’

‘‘ನಿನ್ನ ಅಳಿಯಾ ನಾಂದಿ ಹಾಡ್ತಾನೇನು? ತಾ ಇಲ್ಲೆ.’’

ಘಾಟು ಹೊಡೆಯದಿರಲೆಂದು ಮುಖದ ಬಣ್ಣ ತೆಗೆಯುವ ಕೊಬ್ಬರಿ ಎಣ್ಣೆಗೆ ನೀಲಗಿರಿ ಬೆರೆಸಿ ನನ್ನ ಹೊಟ್ಟೆಗೆ ಸುರಿದಳು.

ಗಡಿಗೆಯಲ್ಲಿ ಎರಡು ಹನಿ ಎಣ್ಣೆಯ ಜೊತೆ ಗಡಿಗೆ ತುಂಬ ನೀರಿರುತ್ತದೆ. ನನ್ನಲ್ಲಿ ನೀರೇ ಇಲ್ಲ. ಎಣ್ಣೆ ಹತ್ತಿಯಲ್ಲಿ ಜಿಗುಟಾಗಿ ನಿಂತಿತು, ತಂತಿ ಕೆಂಪಾಯಿತು, ಬಿಳಿ ಜಿಡ್ಡು ಹೊಗೆಯಾಗಿ ಎದ್ದು ಸೀದಾ ಅವಳೆದೆಗೆ ಇಳಿಯಿತು. ನನಗೆ ಗೊತ್ತಾಗುತ್ತಿತ್ತು. ಆದರೆ ನನ್ನಿಂದ ಏನಾದೀತು? ದೀಪ ಮಿಣುಕಿಸಿದೆ. ಚಾರ್ಜ್ ಮುಗಿದಿದೆಯೆಂದು ವೈರು ಚುಚ್ಚಿದರು. ತಳದಿಂದ ಸೋರಿದೆ. ಒರೆಸಿದರು. ಸುಟ್ಟ ವಾಸನೆ ಬರಿಸಿದೆ. ‘‘ಔಷಧ ಘಾಟ ಇರಬೇಕು, ಅಂದ್ರ ಹಿಡೀತೈತಿ,’’ ಎಂದಳು ಕಮಲಾಕ್ಷಿ. ನನ್ನ ಬಳಿ ಬೇರೆ ಭಾಷೆ ಇರಲಿಲ್ಲ.

ಕೆಮ್ಮು ಶುರುವಾಯಿತು. ಕೆಮ್ಮು ಬಂದಷ್ಟೂ ಅವಳು ಹಬೆ ಹೆಚ್ಚು ಮಾಡಿದಳು.

ಒಂದು ಭಾನುವಾರ ಮಧ್ಯಾಹ್ನದ ಆಟ. ಥೇಟರು ತುಂಬಿತ್ತು. ಎರಡನೇ ಅಂಕದ ಹಾಡಿನಲ್ಲಿ ಪೇಟಿ ಮಾಸ್ತರು ಷಡ್ಜ ಕೊಟ್ಟು ಕಾದರು. ಕಮಲಾಕ್ಷಿ ಬಾಯಿ ತೆರೆದಳು. ಸ್ವರ ಎದ್ದಿತು, ಅಲ್ಲಾಡಿತು, ಕಡಿದುಹೋಯಿತು. ಅಭ್ಯಾಸದಂತೆ ಜನ ಶಿಳ್ಳೆ ಹೊಡೆದರು. ಮಾಸ್ತರು ಮತ್ತೊಮ್ಮೆ ಸ್ವರ ಕೊಟ್ಟರು. ಈ ಸಲ ಬಂದದ್ದು ಕೆಮ್ಮು. ಅವಳು ರಾಣಿಯ ಸೀರೆಯಲ್ಲೇ ಸಿಂಹಾಸನ ಹಿಡಿದು ಬಗ್ಗಿದಳು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: ‘‘ರಾಣಿಗೆ ನೀರ ಕುಡಸ್ರಲೇ, ಇಲ್ಲಾ ರಾಜನ್ನ ಹಾಡಸ್ರಿ!’’ ಥೇಟರು ನಕ್ಕಿತು. ಅವಳಿಗೆ ನಿಜವಾಗಿಯೂ ಉಸಿರು ಸಿಗುತ್ತಿಲ್ಲ ಎಂದು ಮೊದಲು ಕಂಡುಕೊಂಡವನು ಮಾನಪ್ಪ. ಹಾಸ್ಯಗಾರನ ಟೊಪ್ಪಿಗೆಯಲ್ಲೇ ಓಡಿಬಂದು ಅವಳನ್ನು ಎತ್ತಿಕೊಂಡ. ಅದಕ್ಕೂ ಜನ ನಕ್ಕರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್-ರೇ ನೋಡಿ ಕೇಳಿದರು: ‘‘ಬೀಡಿ ಸೇದ್ತೀರಾ?’’

‘‘ಥೂ, ಎಂದೂ ಇಲ್ರಿ. ಹಬಿ ತಗೋತೇನಿ.’’ ಅವಳು ಚೀಲದಿಂದ ನನ್ನನ್ನು ತೆಗೆದು ಕೊಟ್ಟಳು, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರಮ್ಮ ನನ್ನನ್ನು ಮೂಸಿ ನೋಡಿ ಮುಖ ಕಿವುಚಿದರು. ಒಳಗೆ ಏನು ಹಾಕಿದ್ದೆಂದು ಕೇಳಿ ತಿಳಿದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: ‘‘ಅಮ್ಮಾ, ಶ್ವಾಸಕೋಶದಲ್ಲಿ ಎಣ್ಣೆ ಕೂತಿದೆ. ಜೀವಕ್ಕೇನೂ ಆಗಲ್ಲ. ಮೊದಲಿನ ಉಸಿರು ಬರುತ್ತೆ ಅಂತ ಮಾತ್ರ ಹೇಳಲಾರೆ.’’

‘‘ಮ್ಯಾಲಿನ ಸಾ ಹಿಡೀಬೇಕ್ರಿ ನಾ.’’

‘‘ಮಾತಾಡೋಕೆ ಏನೂ ತೊಂದರೆ ಇರಲ್ಲ,’’ ಎಂದರು ಡಾಕ್ಟರಮ್ಮ. ಅವರಿಗೆ ಆ ಮಾತು ಅರ್ಥವಾಗಿರಲಿಲ್ಲ. ಮಾನಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದ.

ಚೆನ್ನವೀರಯ್ಯ ಕೆಟ್ಟವನಲ್ಲ. ಅವಳನ್ನು ಕಂಪನಿಯಿಂದ ಹೊರಗೆ ಹಾಕಲಿಲ್ಲ. ಇಳಕಲ್ಲಿನಿಂದ ರೋಹಿಣಿ ಎಂಬ ಹುಡುಗಿಯನ್ನು ಹಾಡಲು ಕರೆಸಿದ. ಅವಳಿಗೆ ಸೀರೆ ಉಡಿಸುವುದು, ಜಡೆ ಹೆಣೆಯುವುದು, ಸೈಡ್‌ವಿಂಗಿನಲ್ಲಿ ನಿಂತು ಮರೆತ ಮಾತು ಎತ್ತಿಕೊಡುವುದು ಈಗ ಕಮಲಾಕ್ಷಿಯ ಕೆಲಸ.

ನನ್ನ ಬ್ಯಾಟರಿ ಸತ್ತಿದೆ. ಮುದಿತನ ಬರಲು ನನಗೆ ಎರಡು ವರ್ಷವೂ ಹಿಡಿಯಲಿಲ್ಲ. ‘‘ಒಗಿ ಬೇ ಆ ಪೀಡಾನ,’’ ಎಂದು ಮಾನಪ್ಪ ಬೇಡಿಕೊಂಡ. ‘‘ಇರ್ಲಿ ಬಿಡೋ. ಬಾಯಿ ಕೇಳ್ತೈತಿ,’’ ಎಂದಳು ಅವಳು. ನಾನು ಇನ್ನೂ ಅವಳ ಸೊಂಟದಲ್ಲೇ ಇದ್ದೇನೆ. ನನ್ನನ್ನು ಮಾಡಿದವರು ಬಟನ್ ಒತ್ತಿ ನೋಡಿದರು, ನಾನು ಕೆಲಸ ಮಾಡುತ್ತೇನೆಂದು ಸಮಾಧಾನಪಟ್ಟರು. ನಾನು ಕೆಲಸ ಮಾಡಿದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬದುಕಿನಲ್ಲಿ ಏನೂ ಇಲ್ಲ.

ಎರಡನೇ ಅಂಕದಲ್ಲಿ ರೋಹಿಣಿ ಮೇಲಿನ ಷಡ್ಜ ಹಿಡಿಯುತ್ತಾಳೆ. ಆಗ ಸೈಡ್‌ವಿಂಗಿನ ಮರೆಯಲ್ಲಿ ಕಮಲಾಕ್ಷಿ ನನ್ನನ್ನು ತುಟಿಗಿಟ್ಟು ಎಳೆಯಲು ಶುರುಮಾಡುತ್ತಾಳೆ. ನನ್ನೊಳಗಿನಿಂದ ಬರೀ ಗಾಳಿ ಹಾಯುತ್ತದೆ. ಹುಡುಗಿಯ ಸ್ವರ ನಡುವೆ ಇರುವಾಗಲೇ ಕಮಲಾಕ್ಷಿಯ ಎಳೆತ ಮುಗಿಯುತ್ತದೆ. ಅವಳು ನನ್ನನ್ನು ಕೆಳಗಿಳಿಸುತ್ತಾಳೆ. ಆ ಸ್ವರ ಇನ್ನೂ ನಡೆದೇ ಇರುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ.