ಏಳನೇ ಸಾಲಿನ ಟಿಕ್ಕು

ಮೇಲ್ವಿಚಾರಕರ ಅಕ್ಷರ ಮುತ್ತಿನಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಮುಳುಗುಗಾರ ನೀರಿಗಿಳಿಯುವ ಮುನ್ನ ಹೆಲ್ಮೆಟ್ಟು, ಗಾಳಿಕೊಳವೆ, ಬೆನ್ನಿನ ತುರ್ತು ಗಾಳಿ ಬಾಟಲಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ ಟಿಕ್ ಹಾಕಬೇಕಾದ ಪಟ್ಟಿಯಲ್ಲಿ ಹನ್ನೆರಡು ಸಾಲು. ದಿನಾ ಆ ಗೋಳು ಯಾರಿಗೆ ಬೇಕು? ಪುಣ್ಯಾತ್ಮರು ಸೋಮವಾರ ಬೆಳಿಗ್ಗೆ ಟೀ ಕುಡಿಯುತ್ತಲೇ ಶನಿವಾರದವರೆಗಿನ ಹಾಳೆಗಳಿಗೆಲ್ಲ ಟಿಕ್ ಹಾಕಿ, ಸಹಿ ಜಡಿದು, ಫೈಲಿಗೆ ಸೇರಿಸಿಬಿಡುತ್ತಿದ್ದರು. ತಪಾಸಣೆಗೆ ಬಂದವರೂ ಫೈಲು ನೋಡಿ ಭೇಷ್ ಅಂದು ಹೋಗಿದ್ದರು. ಬಾಟಲಿ ನೋಡುವಷ್ಟು ಬಿಡುವು ಅವರಿಗೆಲ್ಲಿ?

ನೀರಿಗಿಳಿಯುವವನು ಹೊರಗಿನವನೇನಲ್ಲ, ಸ್ವಂತ ತಂಗಿಯ ಗಂಡ. "ಎಲ್ಲಾ ನೋಡಿದ್ರಾ ಭಾವ?" ಎಂದು ಅವನು ಕೇಳಿದರೆ, "ನೋಡದೆ ಬಿಡ್ತೀನಾ?" ಎಂದು ಇವರಿಗೆ ಕೋಪವೇ ಬರುತ್ತಿತ್ತು. ದಿನಾ ಹನ್ನೊಂದಕ್ಕೆ ತಂಗಿಯ ಫೋನು. "ಅಣ್ಣಾ, ಅವರು ಹೇಗಿದ್ದಾರೆ?" "ಚೆನ್ನಾಗಿದ್ದಾರೆ ಕಣಮ್ಮ." ಅದನ್ನೂ ಫೈಲಿನಿಂದ ತಲೆ ಎತ್ತದೆಯೇ ಹೇಳುತ್ತಿದ್ದರು.

ಗುರುವಾರ, ಹದಿನೆಂಟು ಮೀಟರ್ ಕೆಳಗೆ ಅವನು ಸೇತುವೆಯ ಕಂಬ ಉಜ್ಜುತ್ತಿದ್ದಾಗ, ದೋಣಿಯ ಮೇಲೆ ಮುಖ್ಯ ಕೊಳವೆಯ ಜೋಡಣೆ ಪಟ್ಟನೆ ಕಿತ್ತುಬಂತು.

"ಭಾವ, ಗಾಳಿ ನಿಂತೋಯ್ತು!" ದೋಣಿಯಲ್ಲಿ ಮೇಲ್ವಿಚಾರಕರ ಮುಂದಿದ್ದ ಸ್ಪೀಕರ್ ಕಿರುಚಿತು.

"ಗಾಬರಿ ಬೇಡ. ಹೆಲ್ಮೆಟ್ ಪಕ್ಕದ ತುರ್ತು ವಾಲ್ವ್ ತಿರುಗಿಸಿ, ಬಾಟಲಿ ಗಾಳಿ ಬರುತ್ತೆ."

ಎರಡೇ ಉಸಿರು ಕೇಳಿಸಿತು. ಬಾಟಲಿಗೂ ಹೆಲ್ಮೆಟ್ಟಿಗೂ ನಡುವಿನ ತುಂಡು ಕೊಳವೆಯಲ್ಲಿ ಉಳಿದಿದ್ದದ್ದು ಅಷ್ಟೇ.

"ಬಾಟಲಿ... ಮುಚ್ಚಿದೆ... ಕೈ ಎಟುಕ್ತಿಲ್ಲ..."

ಛೇ, ಸಾಧ್ಯವೇ ಇಲ್ಲ! ಏಳನೇ ಸಾಲು: 'ಬಾಟಲಿಯ ವಾಲ್ವ್ ತೆರೆದಿದೆ.' ಮುಂದೆ ದುಂಡಗಿನ ಟಿಕ್ಕು, ಕೆಳಗೆ ಸಹಿ. ಪಾಪ, ಬಾಟಲಿಗೆ ಓದಲು ಬರುತ್ತಿರಲಿಲ್ಲ. ತಂಗಿಗೆ ಯಾವ ಮುಖ ತೋರಿಸುವುದು?

ಆಗ ಮೇಲ್ವಿಚಾರಕರಿಗೆ ಹೊಳೆಯಿತು. ಮುಳುಗುಗಾರ ಎಷ್ಟು ಆಳದಲ್ಲಿದ್ದಾನೆಂದು ಅಳೆಯಲು ಇನ್ನೊಂದು ಸಣ್ಣ ಕೊಳವೆ ಇದೆ, ಅದಕ್ಕೆ ಗಾಳಿ ದೋಣಿಯ ಮೇಲಿನ ಬೇರೆ ನಲ್ಲಿಯಿಂದ.

"ಸಣ್ಣ ಕೊಳವೆ! ಆಳ ಅಳೆಯೋದು! ಹೆಲ್ಮೆಟ್ಟಿನ ಕತ್ತಿನ ರಬ್ಬರ್ ಪಟ್ಟಿ ಒಳಗೆ ತೂರಿಸಿ, ಗಾಳಿ ಬಿಟ್ಟಿದೀನಿ!" ಮುತ್ತಿನಕ್ಷರದ ಫೈಲನ್ನು ಮೊಣಕೈಯಿಂದ ಅತ್ತ ತಳ್ಳಿ, ಎರಡೂ ಕೈಯಲ್ಲಿ ನಲ್ಲಿ ತಿರುಗಿಸಿದರು.

ಸ್ಪೀಕರ್ ಸುಮ್ಮನಿತ್ತು. ಮೇಲ್ವಿಚಾರಕರು ಅದಕ್ಕೆ ಕಿವಿ ಹಚ್ಚಿ, ತಾವೂ ಉಸಿರು ಬಿಡಲು ಮರೆತು ಕೂತರು. ಆಮೇಲೆ ಬುಸ್ಸೆಂಬ ಗಾಳಿ, ಒಂದು ಕೆಮ್ಮು, ಇನ್ನೊಂದು. ಬಳಿಕ ಉಸಿರು.

ದೋಣಿಯಲ್ಲಿ ಅವನ ಹಗ್ಗ ಹಿಡಿದಿದ್ದವರು ಮೇಲೆಳೆದು ಹೆಲ್ಮೆಟ್ ಕಳಚಿದಾಗ ಅವನ ತುಟಿ ನೀಲಿಗಟ್ಟಿತ್ತು. ಬೋರಲು ಬಿದ್ದು ಕೆಮ್ಮಿ, ಕೊನೆಗೆ ಅಂಗಾತ ಹೊರಳಿ ಕಣ್ಣು ಬಿಟ್ಟ.

"ಭಾವ," ಎಂದ, "ಫೈಲು ಕ್ಷೇಮ ತಾನೆ?"

ಅಷ್ಟರಲ್ಲಿ ಹನ್ನೊಂದಾಯಿತು, ಮೇಲ್ವಿಚಾರಕರ ಫೋನು ಹೊಡೆದುಕೊಂಡಿತು.

"ಅಣ್ಣಾ, ಅವರು ಹೇಗಿದ್ದಾರೆ?"

ನಾಲಿಗೆಯ ತುದಿಗೆ ಬಂದ ಹಳೇ ಉತ್ತರವನ್ನು ನುಂಗಿಕೊಂಡರು.

"ತಡಿಯಮ್ಮ, ನೋಡಿ ಹೇಳ್ತೀನಿ," ಎಂದು ಅಲ್ಲೇ ಮಂಡಿಯೂರಿ, ತಂಗಿಯ ಗಂಡನ ಎದೆಯ ಮೇಲೆ ಅಂಗೈ ಇಟ್ಟರು.